ಚಿನ್ನದ ಊರಲ್ಲಿ ಎರಡು ದಿನ

ಕೆಜಿಎಫ್ ಅಂದ ತಕ್ಷಣ ಈಗಿನ ಮಕ್ಕಳ ಕಣ್ಮುಂದೆ ಬರೋದು ಯಶ್ ಸಿನಿಮಾ. ಬಂದೂಕು, ಬೆಂಕಿ, ಗಡ್ಡ. ಕೋಲಾರದ ಸೀಮೆಯವರಾದ ನಮಗೆ ಮಾತ್ರ ಅದು ಯಾವಾಗಲೂ ಬರೀ "ಮೈನ್ಸು". "ನಮ್ಮ ಚಿಕ್ಕಪ್ಪ ಮೈನ್ಸಲ್ಲಿ ಇದ್ದ", "ಆ ಹುಡುಗೀನ ಮೈನ್ಸಿಗೆ ಕೊಟ್ಟವ್ರೆ" ಅಂತ ಮಾತಾಡ್ಕೊಳ್ತಿದ್ರು. ಕೋಲಾರ ಅಂದ್ರೆ ಚಿನ್ನ, ರೇಷ್ಮೆ, ಹಾಲು ಅಂತ ನಾವೆಲ್ಲ ಇಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೀವಿ. ರೇಷ್ಮೇನೂ ಹಾಲೂ ಮನೇಲೇ ನೋಡಿದ್ವಿ. ಚಿನ್ನ ಎಲ್ಲಿಂದ ಬರ್ತಿತ್ತು, ಯಾರು ತೆಗೀತಿದ್ರು ಅನ್ನೋದನ್ನ ಮಾತ್ರ ನಾವ್ಯಾರೂ ಹೋಗಿ ನೋಡಿರಲಿಲ್ಲ.

ಹೋದ ತಿಂಗಳು ಒಂದು ಶನಿವಾರ ಭಾನುವಾರ ನಾನು, ನಮ್ಮ ಯಜಮಾನ್ರು, ಓರಗಿತ್ತಿ, ಅವಳ ಮಗಳು ನಾಲ್ಕೂ ಜನ ಹೋಗಿಬಂದ್ವಿ. ಬೆಂಗಳೂರಿಂದ ಸುಮಾರು 100 ಕಿ.ಮೀ. ಕಾರಲ್ಲೂ ಹೋಗಬಹುದು, ಆದ್ರೆ ರೈಲಲ್ಲೇ ಹೋಗಿ ಅಂತ ಹೇಳ್ತೀನಿ. ಬಂಗಾರಪೇಟೆಯಿಂದ ಒಂದು ಚಿಕ್ಕ ಕವಲು ಲೈನು ಮಾರಿಕುಪ್ಪಂವರೆಗೆ ಹೋಗತ್ತೆ. ಗಣಿಗೋಸ್ಕರಾನೇ 1894ರಲ್ಲಿ ಹಾಕಿದ ಹಳಿ ಅದು. ಕೋರಮಂಡಲ್, ಉರಿಗಾಂ, ಚಾಂಪಿಯನ್ ಅಂತ ನಿಲ್ದಾಣಗಳ ಹೆಸರೇ ಗಣಿಗಳ ಹೆಸರು. ಬಂಗಾರಪೇಟೆಗೂ ಬಂಗಾರಕ್ಕೂ ನಂಟಿದೆ ಅಂತ ನಾನು ಅಂದ್ಕೊಂಡಿದ್ದೆ. ನಿಜವಾಗಿ ಅದು ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಬೌರಿಂಗ್ ಅನ್ನೋರ ಹೆಸರು. ನಮ್ಮ ಜನದ ಬಾಯಲ್ಲಿ ಬಂಗಾರ ಆಯ್ತು, ನೋಡಿ ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ.

ಈಗ ಕಥೆಗೆ ಬರ್ತೀನಿ.

ಇಂಗ್ಲಿಷಿನವರು ಬಂದು ಚಿನ್ನ ಕಂಡುಹಿಡಿದ್ರು ಅಂತ ಎಲ್ಲಾ ಕಡೆ ಬರೀತಾರೆ. ಅದು ಅರ್ಧ ಮಾತು. 1799ರಲ್ಲಿ ಟಿಪ್ಪು ಸುಲ್ತಾನ್ ತೀರಿಕೊಂಡ ಮೇಲೆ ಕಂಪನಿಯವರು ಮೈಸೂರಿನ ಗಡಿ ಅಳತೆ ಮಾಡಿಸಿದ್ರು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಅನ್ನೋ ಅಧಿಕಾರಿ ಈ ಕಡೆ ಅಳೀತಿದ್ದಾಗ, ಇಲ್ಲಿನ ಜನಕ್ಕೆ ಮಣ್ಣಲ್ಲಿ ಚಿನ್ನ ಸಿಗತ್ತೆ ಅನ್ನೋ ಮಾತು ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಅಂದ. ಉರಿಗಾಂ ಕಡೆಯ ಹಳ್ಳಿಯವರು ಗಾಡೀಲಿ ಮಣ್ಣು ತಂದು ಅವನ ಮುಂದೇನೇ ತೊಳೆದು ಚಿನ್ನದ ಪುಡಿ ತೋರಿಸಿದ್ರಂತೆ. ಅಂದ್ರೆ ಕಂಡುಹಿಡಿದೋರು ಮೊದಲೇ ಇದ್ರು. ವಾರೆನ್ ಅದನ್ನ ಬರ್ಕೊಂಡ, ಅಷ್ಟೆ.

ಅವನು ಬರೆದಿಟ್ಟಿದ್ದರಲ್ಲಿ ನನಗೆ ಮನಸ್ಸಿಗೆ ನಾಟಿದ್ದು ಮಾರಿಕುಪ್ಪಂ ವಿಷಯ. ಅಲ್ಲಿ ಗಂಡಸರು ಹಳೇ ಬಾವಿಯಂಥ ಗುಂಡಿಗೆ ಇಳಿದು ಕಲ್ಲು ಕಿತ್ತು, ಕೈಯಿಂದ ಕೈಗೆ ಪುಟ್ಟಿ ದಾಟಿಸಿ ಮೇಲಕ್ಕೆ ಕಳಿಸ್ತಿದ್ರು. ಮೇಲೆ ಹೆಂಗಸರು ಆ ಕಲ್ಲನ್ನ ದೊಡ್ಡ ಬಂಡೆ ಮೇಲೆ ಹಾಕಿ ಕುಟ್ಟಿ ಪುಡಿ ಮಾಡ್ತಿದ್ರು. ಆಮೇಲೆ ನೀರಲ್ಲಿ ತೊಳೆಯೋದು. ನಾವು ಅಕ್ಕಿ ಜಾಲಿಸ್ತೀವಲ್ಲ, ಅದೇ ಲೆಕ್ಕ. ಜಾಲಿಸುವಾಗ ಹಗುರವಾದ ಅಕ್ಕಿ ನೀರಿನ ಜೊತೆ ಮುಂದಕ್ಕೆ ಜಾರತ್ತೆ, ಭಾರವಾದ ಕಲ್ಲು ತಳದಲ್ಲಿ ನಿಲ್ಲತ್ತೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮಣ್ಣು ಹೊರಟುಹೋಗತ್ತೆ, ಅದು ತಳ ಬಿಟ್ಟು ಏಳಲ್ಲ. ಒಂದು ದಿನ ಪೂರ್ತಿ ಕುಟ್ಟಿ ತೊಳೆದ್ರೆ ಕಣ್ಣಿಗೆ ಕಾಣೋ ಅಷ್ಟು ಪುಡಿ ಸಿಕ್ಕಿದ್ರೆ ಅದೇ ಭಾಗ್ಯ. ಆ ಹೆಂಗಸರ ಹೆಸರು ಒಂದೂ ಉಳಿದಿಲ್ಲ. ವಾರೆನ್ ಹೆಸರು ಎಲ್ಲಾ ಪುಸ್ತಕದಲ್ಲೂ ಇದೆ.

ಆಮೇಲೆ ಸುಮಾರು ಎಪ್ಪತ್ತು ವರ್ಷ ದೊಡ್ಡದೇನೂ ನಡೀಲಿಲ್ಲ. 1871ರಲ್ಲಿ ಮೈಕೆಲ್ ಲಾವೆಲ್ ಅಂತ ಒಬ್ಬ ಐರಿಷ್ ಸೈನಿಕ, ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದೋನು, ವಾರೆನ್ ಬರೆದದ್ದನ್ನ ಓದಿ ಎತ್ತಿನ ಗಾಡಿ ಕಟ್ಟಿಸ್ಕೊಂಡು ಇಲ್ಲಿಗೆ ಬಂದ. ನ್ಯೂಜಿಲೆಂಡಲ್ಲಿ ಆಗ ಚಿನ್ನದ ಹುಚ್ಚು ಜೋರಾಗಿತ್ತು, ಅದನ್ನ ಕಂಡು ಬಂದಿದ್ದ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ, 1875ರಲ್ಲಿ 20 ವರ್ಷದ ಗುತ್ತಿಗೆ ಸಿಕ್ತು. ಉರಿಗಾಂ ಹತ್ರ ಬಾವಿ ತೋಡಿಸಿದ. ಆದ್ರೆ ಆಳಕ್ಕೆ ಹೋಗೋಕೆ ಯಂತ್ರ ಬೇಕು, ಯಂತ್ರಕ್ಕೆ ದುಡ್ಡು ಬೇಕು. ಎರಡೇ ವರ್ಷಕ್ಕೆ ಕೈ ಬರಿದಾಗಿ 1877ರಲ್ಲಿ ಹಕ್ಕನ್ನ ಬೇರೆಯವರಿಗೆ ಬಿಟ್ಟುಕೊಟ್ಟ. ಬೆಂಗಳೂರಲ್ಲಿ ಲಾವೆಲ್ ರೋಡ್ ಅಂತ ದುಬಾರಿ ರಸ್ತೆ ಇದೆಯಲ್ಲ, ಅದು ಇವನ ಹೆಸರೇ.

1880ರ ಹೊತ್ತಿಗೆ ಲಂಡನ್ನಿನಲ್ಲಿ ಮೈಸೂರು ಚಿನ್ನದ ಹೆಸರು ಹೇಳಿ ಒಂದರ ಮೇಲೊಂದು ಕಂಪನಿ ಎದ್ವು. ಇತ್ತ ಕೋಲಾರದ ಮಣ್ಣು ಕಾಣದ ಜನ ಅತ್ತ ಷೇರು ಕೊಂಡ್ರು. ಬಂಜರು ಭೂಮಿಗೆ ಎಲ್ಲಿಲ್ಲದ ಬೆಲೆ. ಎರಡು ಮೂರು ವರ್ಷ ಅಗೆದ್ರೂ ಏನೂ ಸಿಗದೆ ಬಹಳ ಕಂಪನಿಗಳು ಬಾಗಿಲು ಹಾಕಿದ್ವು. ಮೈಸೂರು ಗಣಿ ಕಂಪನಿಯ ಷೇರುದಾರರೂ "ಸಾಕು, ಮುಚ್ಚಿಬಿಡಿ" ಅಂದ್ರು. ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಗಣಿ ಮನೆತನ ಅವರನ್ನ ಒಪ್ಪಿಸಿ, ಉಳಿದ ಕೊನೇ ದುಡ್ಡು ಹಾಕಿ ಪ್ಲಮ್ಮರ್ ಅನ್ನೋ ಗಣಿಗಾರನ್ನ ಕಳಿಸಿತು. ಅವನು ಹೊಸ ಜಾಗ ಹುಡುಕಲಿಲ್ಲ. ಹಳಬರು ಅಗೆದು ಬಿಟ್ಟ ಗುಂಡಿಗಳ ಕೆಳಗೇ ಇಳಿದ. ಅಲ್ಲೇ ಸಿಕ್ತು, ಆಮೇಲೆ ಲೋಕವೆಲ್ಲ ಹೆಸರಾದ ಚಾಂಪಿಯನ್ ರೀಫ್. ಕರೀ ಬಂಡೆ ನಡುವೆ ಬಿಳೀ ಬೆಣಚುಕಲ್ಲಿನ ಪಟ್ಟಿ, ಮೈಲಿಗಟ್ಟಲೆ ಉದ್ದ. ಹೆಂಗಸರು ಬಂಡೆ ಮೇಲೆ ಕುಟ್ತಿದ್ದ ಅದೇ ಕಲ್ಲು!

ಅಲ್ಲಿಂದ ಮುಂದೆ ನಡೆದಿದ್ದೆಲ್ಲ ಓಟ. ಬಂಜರಲ್ಲಿ ಒಂದು ಊರೇ ಎದ್ದಿತು. ಕಲ್ಲು ಪುಡಿ ಮಾಡೋಕೆ ಒನಕೆ ತರಹದ ಕಬ್ಬಿಣದ ಯಂತ್ರಗಳು ಹಗಲೂ ರಾತ್ರಿ ಕುಟ್ತಿದ್ವು. ಆ ಪುಡಿ ನೀರನ್ನ ಪಾದರಸ ಬಳಿದ ತಾಮ್ರದ ತಟ್ಟೆ ಮೇಲೆ ಹರಿಸಿದ್ರೆ ಚಿನ್ನ ಪಾದರಸಕ್ಕೆ ಅಂಟ್ಕೊಳ್ತಿತ್ತು. ಅಲ್ಲೂ ತಪ್ಪಿಸ್ಕೊಂಡಿದ್ದನ್ನ ಹಿಡಿಯೋಕೆ ಸೈನೈಡ್ ಬೆರೆಸಿ ಕರಗಿಸೋ ವಿಧಾನ ಬಂತು. ಹುಣಸೆಹಣ್ಣು ಮೊದಲ ಸಲ ಹಿಂಡಿ, ಚೂರು ನೀರು ಹಾಕಿ ಎರಡನೇ ಸಲ ಹಿಂಡ್ತೀವಲ್ಲ, ಹಂಗೆ. ಹಿಂಡಿದ ಮೇಲೆ ಉಳಿದ ಸಿಪ್ಪೆ ಎಲ್ಲಿ ಹೋಯ್ತು ಅಂತ ಆಮೇಲೆ ಹೇಳ್ತೀನಿ.

ಯಂತ್ರಕ್ಕೆ ಕರೆಂಟು ಬೇಕಾಯ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಲ್ಲಿ ವಿದ್ಯುತ್ ಮಾಡೋ ಕೆಲಸ ಶುರುವಾಗಿ, 1902ರ ಜೂನಿನಲ್ಲಿ ತಂತಿ ಮೂಲಕ ಕೆಜಿಎಫ್ ತಲುಪಿತು. 147 ಕಿ.ಮೀ. ತಂತಿ, ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದದ್ದು ಅಂತಾರೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಅಂದ್ರೆ ಬೆಂಗಳೂರಿಗಿಂತ ಮೂರು ವರ್ಷ ಮುಂಚೆ ನಮ್ಮ ಮೈನ್ಸಿಗೆ ಕರೆಂಟು. ನಮ್ಮಜ್ಜಿ ಹಳ್ಳೀಲಿ ಮಾತ್ರ ಸೀಮೆಎಣ್ಣೆ ಬುಡ್ಡಿ ದೀಪ ಆರಿದ್ದು ನಮ್ಮಮ್ಮನ ಮದುವೆ ಆದ್ಮೇಲೆ!

ನಮ್ಮಜ್ಜಿ ಬೇತಮಂಗಲದ ಕಡೇ ಹಳ್ಳಿಯೋಳು. ಪಾಲಾರ್ ಹೊಳೆಗೆ ಕಟ್ಟಿದ ಬೇತಮಂಗಲದ ಕೆರೆಯಿಂದಾನೇ ಗಣಿ ಊರಿಗೆ ನೀರು ಹೋಗ್ತಿದ್ದುದು. ನೀರಿನ ಜೊತೆ ಮೊಸರೂ ಹೋಗ್ತಿತ್ತು, ನಮ್ಮಜ್ಜಿ ತಲೆ ಮೇಲೆ. ಕೋಳಿ ಕೂಗೋ ಹೊತ್ತಿಗೆ ಎದ್ದು ನಡ್ಕೊಂಡು ಹೋಗಿ, ಲೈನ್ ಮನೆಗಳ ಮುಂದೆ "ತಯಿರು, ತಯಿರು" ಅಂತ ತಮಿಳಲ್ಲಿ ಕೂಗ್ತಿದ್ಲಂತೆ. ಮನೇಲಿ ತೆಲುಗು, ಊರಲ್ಲಿ ಕನ್ನಡ, ಮೊಸರಿಗೆ ತಮಿಳು. ಮೂರು ಭಾಷೇಲಿ ಲೆಕ್ಕ ಮಾಡೋಳು, ಒಂದರಲ್ಲೂ ಓದೋಕೆ ಬರ್ತಿರಲಿಲ್ಲ. ಅವಳು ಹೇಳಿದ ಒಂದು ಮಾತು ನಮ್ಮಮ್ಮನ ಬಾಯಲ್ಲಿ ಉಳಿದಿದೆ: "ಚಿನ್ನ ತೆಗಿಯೋರ ಮನೇಲೇ ಮೊಸರಿನ ಸಾಲ ಜಾಸ್ತಿ."

ಆ ಲೈನ್ ಮನೆಗಳಲ್ಲಿ ಯಾರಿದ್ರು? ಗಣಿ ಒಳಗೆ ಇಳೀತಿದ್ದೋರು ಹೆಚ್ಚಿನಪಾಲು ಉತ್ತರ ಆರ್ಕಾಡು, ಸೇಲಂ, ಧರ್ಮಪುರಿ, ಚಿತ್ತೂರು ಕಡೆಯಿಂದ ಬಂದ ಭೂಮಿಯಿಲ್ಲದ ಜನ, ಅದರಲ್ಲೂ ದಲಿತರೇ ಬಹಳ. ಊರಲ್ಲಿ ಜಮೀನ್ದಾರನ ಕೈಕೆಳಗೆ ಇರೋದಕ್ಕಿಂತ ಭೂಮಿ ಕೆಳಗೆ ಇಳಿಯೋದೇ ಮೇಲು ಅಂತ ಬಂದೋರು. ಮೇಲಧಿಕಾರಿಗಳು ಇಂಗ್ಲಿಷಿನವರು, ಜೊತೆಗೆ ಕಾರ್ನ್‌ವಾಲಿನ ಗಣಿಗಾರರು, ಇಟಲಿಯವರು. ಅವರಿಗೆ ಹೆಂಚಿನ ಬಂಗಲೆ, ಕ್ಲಬ್ಬು, ಟೆನಿಸ್ಸು. ಅದಕ್ಕೇ ಚಿಕ್ಕ ಇಂಗ್ಲೆಂಡ್ ಅಂತ ಹೆಸರು ಬಂತು. ಕೂಲಿಯವರಿಗೆ ಮೊದಲು ಬಿದಿರು ತಟ್ಟಿ ಗುಡಿಸಲು, ಆಮೇಲೆ ಒಂದೇ ಕೋಣೆಯ ಸಾಲುಮನೆ. ಒಲೆ, ಹಾಸಿಗೆ, ಬಾಣಂತನ ಎಲ್ಲ ಅದರಲ್ಲೇ. ಚಿಕ್ಕ ಇಂಗ್ಲೆಂಡು ನೋಡೋಕೆ ಹೋದೋರು ಆ ಸಾಲುಮನೆಗಳನ್ನೂ ಒಂದು ಸುತ್ತು ನೋಡಿಬನ್ನಿ.

ಆಳ ಎಷ್ಟು ಅಂತೀರಾ? ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಇಳಿದಿದೆ. ನಂದಿಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್. ಅಂಥ ಎರಡನ್ನ ಒಂದರ ಮೇಲೊಂದು ಇಟ್ಟು ತಲೆಕೆಳಗು ಮಾಡಿ ನೆಲಕ್ಕೆ ಹೂತ್ರೂ ಇನ್ನೂ ಜಾಗ ಉಳಿಯತ್ತೆ. ಅಷ್ಟು ಕೆಳಗೆ ಬಂಡೇನೇ 60 ಡಿಗ್ರಿ ದಾಟಿ ಸುಡ್ತಿತ್ತು. ಮೇಲಿಂದ ತಣ್ಣನೆ ಗಾಳಿ ಊದಬೇಕಿತ್ತು, ಇಲ್ಲದಿದ್ರೆ ಮನುಷ್ಯ ನಿಲ್ಲೋಕಾಗಲ್ಲ. ಇನ್ನೊಂದು ಭಯ ರಾಕ್ ಬರ್ಸ್ಟ್. ಮೇಲಿನ ಭಾರಕ್ಕೆ ಒತ್ತಿದ ಬಂಡೆ ಇದ್ದಕ್ಕಿದ್ದಂಗೆ ಸಿಡಿಯೋದು. ಊರಿನ ಮನೆಗಳ ಪಾತ್ರೆ ಅಲುಗಾಡ್ತಿದ್ವಂತೆ.

ನಾವು ರಾತ್ರಿ ಉಳಿದಿದ್ದು ರಾಬರ್ಟ್‌ಸನ್‌ಪೇಟೆಯಲ್ಲಿ, ಓರಗಿತ್ತಿಯ ತವರಿನ ಕಡೆ ಪರಿಚಯದವರ ಮನೇಲಿ. ಆ ಮನೆಯ ಅಮ್ಮನಿಗೆ ಎಂಬತ್ತರ ಹತ್ತಿರ. ಅವರ ಯಜಮಾನ್ರು 28 ವರ್ಷ ಒಳಗಡೆ ದುಡಿದೋರು. ಬಿಸಿಬಿಸಿ ಅನ್ನ, ಮೊಳಕೆ ಹುರುಳಿ ಸಾರು ಬಡಿಸ್ತಾ ಅವರು ಹೇಳಿದ್ರು, "ಪಾಳಿ ಬದಲಾಗೋವಾಗ ಸಂಗು ಊದ್ತಿತ್ತಮ್ಮ. ಆ ಸಂಗಿನ ಮೇಲೇ ನಮ್ಮ ಅಡುಗೆ, ಮಕ್ಕಳ ಇಸ್ಕೂಲು, ಎಲ್ಲ. ಟೈಮ್ ಅಲ್ಲದ ಟೈಮಲ್ಲಿ ಊದಿದ್ರೆ ಲೈನಿನ ಹೆಂಗಸರೆಲ್ಲ ಒಲೆ ಉರೀತಿದ್ದಂಗೇ ಬಿಟ್ಟು ಶಾಫ್ಟ್ ಹತ್ರ ಓಡ್ತಿದ್ವಿ. ಯಾರ ಮನೆಯೋರು ಮೇಲೆ ಬಂದ್ರು, ಯಾರ ಮನೆಯೋರು ಬರಲಿಲ್ಲ ಅಂತ ನೋಡೋವರೆಗೂ ಯಾರೂ ಮಾತಾಡ್ತಿರಲಿಲ್ಲ."

ನಮ್ಮ ಓರಗಿತ್ತಿ ಮಗಳು ಕೇಳಿದ್ಲು, "ಅಜ್ಜಿ, ತಾತ ಚಿನ್ನ ತರ್ತಿದ್ರಾ?" ಅವರು ನಕ್ಕುಬಿಟ್ರು. "ಅವರು ಚಿನ್ನ ನೋಡಿದ್ದೇ ನಮ್ಮ ಮದುವೇಲಿ ತಾಳಿ ಕಟ್ಟೋವಾಗ. ಒಳಗೆ ಕಾಣ್ತಿದ್ದುದು ಬರೀ ಕರೀ ಕಲ್ಲು, ಬಿಳೀ ಗೆರೆ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊನೇಗೆ ಎದೆ ಕಟ್ಟಿ ಹೋದ್ರು" ಅಂದ್ರು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರೋ ಕಾಯಿಲೆ, ಸಿಲಿಕೋಸಿಸ್. ನೋಡೋಕೆ ಕ್ಷಯದ ತರಹಾನೇ, ಆದ್ರೆ ಔಷಧಿಗೆ ಹೋಗಲ್ಲ. ಈ ಕಾಯಿಲೆಗೆ ಅಂತಾನೇ ಮೈಸೂರು ಸಂಸ್ಥಾನ 1940ರಲ್ಲಿ ನಿಯಮ ತಂತು. ಅಷ್ಟು ಹೊತ್ತಿಗೆ ಗಣಿ ನಡೆದು ಅರವತ್ತು ವರ್ಷ ಆಗಿತ್ತು.

ಈ ಜನ ಸುಮ್ಮನೆ ತಲೆ ಬಗ್ಗಿಸ್ಕೊಂಡು ದುಡಿದ್ರು ಅಂತಾನೂ ಅಲ್ಲ. 1930ರಲ್ಲಿ ಕೂಲಿಯವರ ಬೆರಳಚ್ಚು ತಗೋಬೇಕು ಅಂತ ಬಂದಾಗ, "ನಾವೇನು ಕಳ್ಳರಾ?" ಅಂತ ಸಾವಿರಾರು ಜನ 21 ದಿನ ಕೆಲಸ ನಿಲ್ಲಿಸಿದ್ರು. 1946ರಲ್ಲಿ ಮತ್ತೆ ದೊಡ್ಡ ಮುಷ್ಕರ ಆಯ್ತು. ಆ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಜನ ಹೋದ್ರು. ಆ ಮುಷ್ಕರದ ದಿನಗಳಲ್ಲೂ ನಮ್ಮಜ್ಜಿ ಮೊಸರು ಹೊತ್ಕೊಂಡೇ ಹೋಗಿದ್ಲಂತೆ, ದುಡ್ಡು ಬರಲ್ಲ ಅಂತ ಗೊತ್ತಿದ್ರೂ. ಗೋಡೆ ಮೇಲೆ ಇದ್ದಲಲ್ಲಿ ಗೆರೆ ಎಳೆದು ಬಂದ್ಲಂತೆ. ಎಷ್ಟು ಗೆರೆ ವಸೂಲಾಯ್ತು ಅಂತ ಕೇಳಿದ್ರೆ, "ಅವರ ಮಕ್ಕಳು ಕುಡಿದ್ವಲ್ಲ" ಅಂತಿದ್ಲು.

ಸ್ವಾತಂತ್ರ್ಯ ಬಂದ ಮೇಲೆ 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನ ತಗೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯ್ತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಆಯ್ತು. ಈ ನಡುವೆ ಇನ್ನೊಂದು ಸಂಗತಿ, ಮಕ್ಕಳಿಗೆ ಹೇಳೋಕೆ ಚೆನ್ನಾಗಿದೆ. 1965ರಲ್ಲಿ ಚಾಂಪಿಯನ್ ರೀಫಿನಲ್ಲಿ ಎರಡು ಕಿ.ಮೀ.ಗಿಂತ ಆಳದಲ್ಲಿ ವಿಜ್ಞಾನಿಗಳು ಯಂತ್ರ ಇಟ್ಟು, ಆಕಾಶದ ಕಡೆಯಿಂದ ಬರೋ ನ್ಯೂಟ್ರಿನೊ ಅನ್ನೋ ಕಣದ ಗುರುತು ಹಿಡಿದ್ರು. ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯವರು, ಜಪಾನಿನವರು, ಇಂಗ್ಲೆಂಡಿನವರು ಸೇರಿ ಮಾಡಿದ ಕೆಲಸ. ಅಷ್ಟು ಆಳ ಯಾಕೆ ಅಂದ್ರೆ, ಮೇಲಿನ ಬಂಡೆ ಜರಡಿ ಹಂಗೆ. ಬೇರೆ ಕಣಗಳನ್ನೆಲ್ಲ ಮೇಲೇ ತಡೆಯತ್ತೆ, ಇದೊಂದು ಮಾತ್ರ ಸೋರಿ ಕೆಳಗೆ ಬರತ್ತೆ. ಕೂಲಿಯವರು ತೋಡಿದ ಗುಂಡಿಯಿಂದ ಪ್ರಪಂಚದ ವಿಜ್ಞಾನಕ್ಕೂ ಒಂದು ಬೆಳಕು ಸಿಕ್ತು.

ಆಳ ಹೆಚ್ಚಾದಂಗೆ ಖರ್ಚು ಹೆಚ್ಚಾಯ್ತು, ಕಲ್ಲಲ್ಲಿ ಚಿನ್ನ ಕಡಿಮೆ ಆಯ್ತು. ಒಟ್ಟು 120 ವರ್ಷದಲ್ಲಿ ಸುಮಾರು 5 ಕೋಟಿ ಟನ್ ಕಲ್ಲು ಒಡೆದು 800 ಟನ್ ಚಿನ್ನ ತೆಗೆದ್ರು. ಅಂದ್ರೆ ಒಂದು ಟನ್ ಕಲ್ಲಿಗೆ ಸರಾಸರಿ 16 ಗ್ರಾಂ. ಕೊನೆಕೊನೆಗೆ ಅದು ಮೂರು ಗ್ರಾಂ ಆಸುಪಾಸಿಗೆ ಬಂದಿತ್ತು. ಹೆಣ್ಣುಮಕ್ಕಳಾದ ನಮಗೆ ಈ ಲೆಕ್ಕ ಬೇಗ ಅರ್ಥ ಆಗತ್ತೆ. ಒಂದು 40 ಗ್ರಾಂ ಸರಕ್ಕೆ ಹದಿಮೂರು ಟನ್ ಕಲ್ಲು ಮೂರು ಕಿ.ಮೀ. ಕೆಳಗಿಂದ ಮೇಲೆ ಬರಬೇಕು. ಅಂಗಡೀಲಿ ಬಿಲ್ಲು ಮಾಡೋವಾಗ ವೇಸ್ಟೇಜು, ಮೇಕಿಂಗು ಅಂತ ಜಗಳ ಆಡ್ತೀವಲ್ಲ, ಈ ವೇಸ್ಟೇಜು ಯಾವ ಬಿಲ್ಲಲ್ಲೂ ಬರೆದಿರಲ್ಲ.

2001ರ ಫೆಬ್ರುವರಿ ಕೊನೆಯಲ್ಲಿ ಗಣಿ ಮುಚ್ಚಿತು. ಸಂಗು ನಿಂತಿತು. ಪಂಪು ನಿಂತ ಮೇಲೆ ಅಷ್ಟು ಆಳದ ಸುರಂಗಗಳಲ್ಲೆಲ್ಲ ನೀರು ತುಂಬ್ಕೊಂಡಿತು. ಗಂಡಸರ ಕೆಲಸ ಹೋದ ಮೇಲೆ ಮನೆ ನಡೆಸಿದ್ದು ಯಾರು? ಆ ಅಮ್ಮ ಹೇಳಿದ್ರು, ಅವರ ಸೊಸೆ, ಪಕ್ಕದ ಮನೆ ಹೆಣ್ಣುಮಕ್ಕಳು ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಹೊರಟ್ರು. ಗಾರ್ಮೆಂಟ್ಸು, ಆಸ್ಪತ್ರೆ, ಅಂಗಡಿ, ಮನೆಕೆಲಸ. ಇವತ್ತಿಗೂ ಆ ರೈಲಲ್ಲಿ ಸಾವಿರಾರು ಜನ ದಿನಾ ಹೋಗಿಬರ್ತಾರೆ. ರಾತ್ರಿ ಮನೆ ಸೇರಿ, ನಾಲ್ಕು ಗಂಟೆಗೆ ಮತ್ತೆ ಎದ್ದೇಳಬೇಕು. ಚಿನ್ನದ ರೈಲು ಈಗ ದುಡಿಮೆಗೆ ಹೋಗೋರ ರೈಲು.

ಹುಣಸೆ ಸಿಪ್ಪೆ ಎಲ್ಲಿ ಹೋಯ್ತು ಅಂತ ಹೇಳ್ತೀನಿ ಅಂದಿದ್ನಲ್ಲ. ಊರ ಸುತ್ತ ಬೂದಿ ಬಣ್ಣದ ಚಪ್ಪಟೆ ಗುಡ್ಡಗಳು ಕಾಣ್ತವೆ. ಅವು ದೇವರು ಮಾಡಿದ ಗುಡ್ಡ ಅಲ್ಲ, ಚಿನ್ನ ತೆಗೆದು ಬಿಸಾಕಿದ ಪುಡಿ, 3 ಕೋಟಿ ಟನ್‌ಗೂ ಹೆಚ್ಚು. ಸೈನೈಡ್ ಗುಡ್ಡ ಅಂತಾರೆ. ಸಿನಿಮಾದವರು ಹಾಡು, ಫೈಟು ತೆಗೆಯೋದು ಅಲ್ಲೇ. ನೋಡೋಕೆ ಮರುಭೂಮಿ ತರಹ ಚೆಂದ. ಆದ್ರೆ ಆಷಾಢದ ಗಾಳೀಲಿ ಆ ಧೂಳು ಲೈನ್ ಮನೆಗಳ ಅನ್ನದ ತಪ್ಪಲೆಗೆ ಬಂದು ಕೂರತ್ತೆ. ಗಂಡಸರ ಎದೆಗೆ ಕೂತ ಧೂಳು ಈಗ ಒಣಗಾಕಿದ ಬಟ್ಟೆ ಮೇಲೆ ಕೂರ್ತಿದೆ.

ಹೋಗೋರಿಗೆ ನಾಲ್ಕು ಮಾತು. ಗಣಿ ಒಳಗೆ ಬಿಡಲ್ಲ, ಹೊರಗಿಂದ ಶಾಫ್ಟಿನ ಕಬ್ಬಿಣದ ಗೋಪುರ ನೋಡಬಹುದು. ಸೈನೈಡ್ ಗುಡ್ಡದ ಮೇಲೆ ಮಕ್ಕಳನ್ನ ಹತ್ತಿಸಬೇಡಿ, ರಸ್ತೆಯಿಂದ ನೋಡಿದ್ರೆ ಸಾಕು. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟು, ಹಳೇ ಚರ್ಚುಗಳು, ಬಂಗಲೆಗಳನ್ನ ಬೆಳಗ್ಗೆ ತಣ್ಣಗಿರೋವಾಗ ಸುತ್ತಿ. ಮಧ್ಯಾಹ್ನ ಕಮ್ಮಸಂದ್ರದ ಕೋಟಿಲಿಂಗೇಶ್ವರ, ಅಲ್ಲಿ 108 ಅಡಿ ಲಿಂಗ ಇದೆ. ವಾಪಸ್ ಬರುವಾಗ ಬೇತಮಂಗಲದ ಕೆರೆ ಏರಿ ಮೇಲೆ ನಿಂತು ವಿಜಯೇಂದ್ರಸ್ವಾಮಿಗೆ ಕೈಮುಗಿದು ಬನ್ನಿ. ನೀರು, ಟೋಪಿ, ಮೊಸರನ್ನ ಮರೀಬೇಡಿ, ಬಿಸಿಲು ಜಾಸ್ತಿ.

ಇನ್ನೊಂದು ಮಾತು. ನಮ್ಮ ಬಳಗದಲ್ಲಿ ಮೈನ್ಸಿಗೆ ಕೊಟ್ಟ ಹೆಣ್ಣುಮಕ್ಕಳು, ಮೈನ್ಸಲ್ಲಿ ದುಡಿದ ಹಿರಿಯರು ಇನ್ನೂ ನಾಲ್ಕೈದು ಮನೇಲಿ ಇದ್ದಾರೆ. ಅವರಿಗೆಲ್ಲ ಎಂಬತ್ತು ದಾಟ್ತಿದೆ. ಅವರನ್ನ ಕೂರಿಸ್ಕೊಂಡು ಯಾವ ಲೈನಲ್ಲಿ ಇದ್ರಿ, ಸಂಗು ಎಷ್ಟು ಗಂಟೆಗೆ ಊದ್ತಿತ್ತು, ಸಂಬಳ ಬಂದ ದಿನ ಏನು ಅಡುಗೆ ಮಾಡ್ತಿದ್ರಿ ಅಂತ ಕೇಳಿ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ವಾರೆನ್ ಕಾಲದ ಹೆಂಗಸರ ಹೆಸರು ಬರ್ಕೊಳ್ಳೋರು ಯಾರೂ ಇರಲಿಲ್ಲ. ಇವರ ಹೆಸರು ಬರ್ಕೊಳ್ಳೋಕೆ ನಾವಿದ್ದೀವಿ, ಪಿಯುಸಿವರೆಗೆ ಓದಿದ್ದೂ ಅಷ್ಟಕ್ಕಾದ್ರೂ ಉಪಯೋಗಕ್ಕೆ ಬರಲಿ.